ಒಂದೆತ್ತಿನ ಬಂಡಿ

ಮಗಳ ಆಪರೇಷನ್ನಿನ ಹಿಂದಿನ ಸಂಜೆ ಪುಣೆಯ ಆಸ್ಪತ್ರೆಯೊಂದರ ಕಾರಿಡಾರಿನಲ್ಲಿ ಕೂತಿದ್ದೆವು. ಸರ್ಜನ್ ಆಗಷ್ಟೇ ಖಾಲಿ ಹಾಳೆಯೊಂದರ ಮೇಲೆ ಕಿಡ್ನಿಯ ಚಿತ್ರ ಬರೆದು, ಎಲ್ಲಿ ಕತ್ತರಿಸುತ್ತೇವೆ, ಎಲ್ಲಿ ಹೊಲಿಯುತ್ತೇವೆ ಎಂದು ಮರಾಠಿ, ಹಿಂದಿ ಬೆರೆಸಿ ವಿವರಿಸಿ ಹೋಗಿದ್ದರು. ಅವ್ವ ಆ ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದಳು. ಅವಳಿಗೆ ಮರಾಠಿ ಅಷ್ಟಕ್ಕಷ್ಟೇ. ಆದರೆ ಚಿತ್ರ ತಿಳಿದಿತ್ತು.

"ತಗಿಯಂಗಿಲ್ಲ, ಹೌದಲ್ಲ?" ಎಂದಳು.

"ಇಲ್ಲವ್ವ, ತಗಿಯಂಗಿಲ್ಲ. ಕೆಟ್ಟಿದ್ದಷ್ಟು ಕತ್ತರಿಸಿ ಮತ್ತ ಜೋಡಸ್ತಾರ."

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ತಮ್ಮಾ, ನಂದು ತಗಿಯೂಮುಂದ ಈ ಆಪರೇಷನ್ ಇದ್ದಿದ್ದಿಲ್ಲೇನು?"

"ಇರಲಿಕ್ಕಿಲ್ಲವ್ವ" ಎಂದುಬಿಟ್ಟೆ. ಅದು ತಪ್ಪು ಉತ್ತರ ಎಂದು ಅದೇ ರಾತ್ರಿ, ನಿದ್ದೆ ಬಾರದೆ ಫೋನಿನಲ್ಲಿ ಓದುತ್ತ ಕೂತಾಗ ಗೊತ್ತಾಯಿತು. ಅವತ್ತಿನಿಂದ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದೆ. ನಾನು ಡಾಕ್ಟರನಲ್ಲ, ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಮಾಡುವವನು. ಅವ್ವನ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕು ಅನ್ನುವುದಷ್ಟೇ ಈ ಬರಹದ ಕಾರಣ.

ಮೊದಲು ಅವ್ವನ ಕತೆ. ಅವಳು ಗದಗ ಕಡೆಯ ಹಳ್ಳಿಯವಳು. ಹತ್ತು ಹನ್ನೊಂದು ವರ್ಷದವಳಿದ್ದಾಗಿನಿಂದ ಆಗಾಗ ಎಡಪಕ್ಕೆ ಹಿಡಿದುಕೊಳ್ಳುತ್ತಿತ್ತು. ನೋವು ಬಂದಾಗ ವಾಂತಿ. ಅರ್ಧ ದಿನ ಹೊರಳಾಡಿದ ಮೇಲೆ ಏನೂ ಆಗಿಲ್ಲವೆಂಬಂತೆ ಎದ್ದು ಓಡಾಡುತ್ತಿದ್ದಳು. ಅಜ್ಜಿ ಇದು ಉಷ್ಣ ಎಂದಳು, ಬಾರ್ಲಿ ನೀರು ಕುಡಿಸಿದಳು. ಯಾರೋ ಹರಳು ಎಂದರು, ಬಾಳೆದಿಂಡಿನ ರಸ ಕುಡಿಸಿದರು. ಕುಡಿದಷ್ಟೂ ನೋವು ಜಾಸ್ತಿಯಾಗುತ್ತಿತ್ತು. ಊರಿನ ಡಾಕ್ಟರು ವಾಯು ಎಂದು ಗುಳಿಗೆ ಕೊಟ್ಟರು. ಗುಳಿಗೆ ತಗೊಂಡ ಮೇಲೆ ನೋವು ಹೋಗುತ್ತಿತ್ತು. ತಗೊಳ್ಳದಿದ್ದರೂ ಹೋಗುತ್ತಿತ್ತು ಎಂದು ಯಾರಿಗೂ ಹೊಳೆಯಲಿಲ್ಲ. 1984ರಲ್ಲಿ, ಅವಳಿಗೆ ಹತ್ತೊಂಬತ್ತು ತುಂಬಿದಾಗ, ಚಳಿಜ್ವರ ಬಂದು ಪಕ್ಕೆಯಲ್ಲಿ ಗಡ್ಡೆಯಂತೆ ಕೈಗೆ ಹತ್ತಿತು. ದೊಡ್ಡ ಊರಿನ ಆಸ್ಪತ್ರೆಗೆ ಒಯ್ದರು. ಕಿಡ್ನಿ ಕೀವು ನೀರು ತುಂಬಿದ ಚೀಲವಾಗಿತ್ತು. ತೆಗೆದುಹಾಕಿದರು.

ಪಕ್ಕೆಲುಬಿನ ಕೆಳಗಿಂದ ಹೊಕ್ಕಳಿನ ಹತ್ತಿರದವರೆಗೆ ಬಂದ ಆ ಗಾಯದ ಗುರುತನ್ನು ಅವಳು ಸೀರೆಯ ಮಡಿಕೆಯಲ್ಲಿ ಮುಚ್ಚಿಕೊಂಡೇ ಬದುಕಿದಳು. ಮದುವೆ ಮಾತುಕತೆಯಲ್ಲಿ ಅಜ್ಜ "ಹೊಟ್ಟಿ ಆಪರೇಷನ್ ಆಗೇತಿ" ಎಂದಷ್ಟೇ ಹೇಳಿದ್ದನಂತೆ. ಅಪ್ಪನಿಗೆ ಅವಳೇ ಪೂರ್ತಿ ಹೇಳಿದಳು. "ನಂದು ಒಂದೆತ್ತಿನ ಬಂಡಿ" ಎಂದು ನಗುತ್ತಾಳೆ ಈಗ. ಆ ಒಂದೆತ್ತೇ ಇಬ್ಬರು ಮಕ್ಕಳ ಬಸಿರನ್ನೂ ನಲವತ್ತು ವರ್ಷದ ಹೊಲ ಮನೆ ಕೆಲಸವನ್ನೂ ಎಳೆದಿದೆ.

ಅವಳಿಗಿದ್ದದ್ದು ಹುಟ್ಟಿನಿಂದಲೇ ಬಂದ ಒಂದು ಸಣ್ಣ ದೋಷ. ಕಿಡ್ನಿಯಲ್ಲಿ ಸೋಸಿದ ಮೂತ್ರ ಮೊದಲು ಒಳಗಿನ ಒಂದು ಬಟ್ಟಲಿಗೆ ಇಳಿಯುತ್ತದೆ. ಬಟ್ಟಲು ಆಲಿಕೆಯ ಹಾಗೆ ಕಿರಿದಾಗುತ್ತ ಹೋಗಿ ಮೂತ್ರನಾಳವಾಗುತ್ತದೆ. ನಾಳ ಸುಮ್ಮನೆ ಬಿದ್ದಿರುವ ಪೈಪಲ್ಲ. ಗಂಟಲು ತುತ್ತನ್ನು ನೂಕುವ ಹಾಗೆ ಅದು ಮೂತ್ರವನ್ನು ಗುಟುಕು ಗುಟುಕಾಗಿ ಮೂತ್ರಕೋಶದ ಕಡೆಗೆ ನೂಕುತ್ತದೆ. ಬಟ್ಟಲೂ ನಾಳವೂ ಕೂಡುವ ಕಡೆ ಒಂದೆರಡು ಸೆಂಟಿಮೀಟರಿನಷ್ಟು ಭಾಗ ಕೆಲವರಲ್ಲಿ ಹುಟ್ಟಿನಿಂದಲೇ ಕಿರಿದಾಗಿರುತ್ತದೆ, ಇಲ್ಲವೆ ಅಲ್ಲಿಯ ಸ್ನಾಯು ಆ ನೂಕುವ ಅಲೆಯನ್ನು ಮುಂದಕ್ಕೆ ದಾಟಿಸುವುದಿಲ್ಲ. ಇನ್ನು ಕೆಲವರಲ್ಲಿ ಕಿಡ್ನಿಯ ಕೆಳತುದಿಗೆ ಹೋಗುವ ಒಂದು ರಕ್ತನಾಳ ಅಡ್ಡ ಬಂದು ಅಲ್ಲೇ ಒತ್ತುತ್ತದೆ. ಸುಮಾರು 1,500 ಮಕ್ಕಳಲ್ಲಿ ಒಂದಕ್ಕೆ ಇಂಥ ತಡೆ ಇರುತ್ತದೆ ಎಂದು ಪುಸ್ತಕಗಳು ಹೇಳುತ್ತವೆ. ಎಡಗಡೆಯೇ ಹೆಚ್ಚು.

ಮಾಮೂಲಿ ದಿನಗಳಲ್ಲಿ ಮೂತ್ರ ಹೇಗೋ ಜಿನುಗಿ ಇಳಿಯುತ್ತದೆ. ಒಮ್ಮೆಲೇ ಹೆಚ್ಚು ನೀರು ಕುಡಿದರೆ ಬಟ್ಟಲು ತುಂಬಿ ಬಿಗಿಯುತ್ತದೆ. ಆಗ ನೋವು, ವಾಂತಿ. ಖಾಲಿಯಾಯಿತೋ, ನೋವೂ ಹೋಯಿತು. ಅಜ್ಜಿಯ ಬಾರ್ಲಿ ನೀರು ಅವ್ವನ ನೋವನ್ನು ಹೆಚ್ಚಿಸಿದ್ದು ಇದಕ್ಕೇ. ಅಜ್ಜಿಯ ತಪ್ಪೇನೂ ಇರಲಿಲ್ಲ. ಹರಳಿನ ನೋವಿಗೂ ಇದಕ್ಕೂ ಹೊರಗಿನಿಂದ ವ್ಯತ್ಯಾಸ ಕಾಣುವುದಿಲ್ಲ. ಈ ರೋಗದ ಇಡೀ ಚರಿತ್ರೆಯೇ ಅಲ್ಲಿದೆ. ಕಾಣದೆ ಇರುವುದನ್ನು ಏನು ಮಾಡುವುದು?

ಬಹಳ ಕಾಲ ಏನೂ ಮಾಡಲಿಲ್ಲ. ಮೂತ್ರಕೋಶದ ಕಲ್ಲನ್ನು ಕೆಳಗಿನಿಂದ ಕೊಯ್ದು ತೆಗೆಯುವ ಕ್ರಮ ಸುಶ್ರುತ ಸಂಹಿತೆಯಲ್ಲೇ ಇದೆ. ಮೂತ್ರಕೋಶ ಕೈಗೆ ಎಟಕುವ ಜಾಗದಲ್ಲಿದೆ. ಕಿಡ್ನಿ ಹಾಗಲ್ಲ. ಬೆನ್ನಿನ ಕಡೆ, ಪಕ್ಕೆಲುಬಿನ ಆಸರೆಯಲ್ಲಿ, ದೇಹ ಅದನ್ನು ಬಚ್ಚಿಟ್ಟಿದೆ. ನೀರು ತುಂಬಿ ಊದಿದ ಕಿಡ್ನಿಗೆ ಹೈಡ್ರೋನೆಫ್ರೋಸಿಸ್ ಎಂಬ ಹೆಸರು ಬಂದದ್ದೇ 1841ರಲ್ಲಿ, ಫ್ರಾನ್ಸಿನ ಪಿಯೆರ್ ರಾಯೆ ಬರೆದ ಗ್ರಂಥದಿಂದ. ಹೆಸರಿಟ್ಟವರು ಅದನ್ನು ಹೆಚ್ಚಾಗಿ ನೋಡಿದ್ದು ಸತ್ತವರ ದೇಹದಲ್ಲಿ. ಬದುಕಿದ್ದವರಲ್ಲಿ ಹೊಟ್ಟೆ ಉಬ್ಬಿ ಬಂದರೆ ಸೂಜಿ ಚುಚ್ಚಿ ನೀರು ತೆಗೆಯುವುದೊಂದೇ ಉಪಾಯ. ಅದು ಮತ್ತೆ ತುಂಬುತ್ತಿತ್ತು.

1846ರಲ್ಲಿ ಈಥರಿನ ಅರಿವಳಿಕೆ ಬಂತು. 1867ರಲ್ಲಿ ಲಿಸ್ಟರ್ ಗಾಯ ಕೀವಾಗದಂತೆ ತಡೆಯುವ ದಾರಿ ತೋರಿಸಿದ. ಕತ್ತಿ ಒಳಗೆ ಹೋಗುವ ಧೈರ್ಯ ಬಂತು. ಆದರೆ ಒಂದು ಕಿಡ್ನಿ ತೆಗೆದರೆ ಮನುಷ್ಯ ಬದುಕುತ್ತಾನೆಯೇ? ಯಾರಿಗೂ ಗೊತ್ತಿರಲಿಲ್ಲ. ಜರ್ಮನಿಯ ಹೈಡೆಲ್‌ಬರ್ಗಿನ ಸರ್ಜನ್ ಗುಸ್ತಾವ್ ಸೈಮನ್‌ನ ಬಳಿ ಒಬ್ಬ ಹೆಂಗಸು ಬಂದಿದ್ದಳು. ಹಿಂದಿನ ಒಂದು ಆಪರೇಷನ್ನಿನಲ್ಲಿ ಮೂತ್ರನಾಳಕ್ಕೆ ಪೆಟ್ಟಾಗಿ ಮೂತ್ರ ಸದಾ ಸೋರುತ್ತಿತ್ತು. ಸೈಮನ್ ಮೊದಲು ನಾಯಿಗಳ ಮೇಲೆ ಪ್ರಯೋಗ ಮಾಡಿ, ಉಳಿದ ಒಂದು ಕಿಡ್ನಿ ಎರಡರ ಕೆಲಸವನ್ನೂ ಹೊರುತ್ತದೆ ಎಂದು ಖಾತ್ರಿ ಮಾಡಿಕೊಂಡ. 1869ರ ಆಗಸ್ಟ್ 2ರಂದು ಅವಳ ಕಿಡ್ನಿಯನ್ನು ತೆಗೆದ. ಅವಳು ಬದುಕಿದಳು. ಯೋಚಿಸಿ, ಯೋಜಿಸಿ ಕಿಡ್ನಿ ತೆಗೆದು ಗೆದ್ದ ಮೊದಲ ಆಪರೇಷನ್ ಅದು. ಒಂದೆತ್ತಿನ ಬಂಡಿ ಓಡುತ್ತದೆ ಎಂದು ಜಗತ್ತಿಗೆ ಗೊತ್ತಾದದ್ದು ಆ ದಿನ. ಅವ್ವ ಬದುಕಿದ್ದರ ಹಿಂದೆ ಆ ಹೆಂಗಸೂ, ಆ ನಾಯಿಗಳೂ ಇವೆ.

ಆದರೆ ಗೆದ್ದ ದಾರಿಗೆ ಒಂದು ಗುಣವಿದೆ, ಎಲ್ಲರೂ ಅದರಲ್ಲೇ ನಡೆಯುತ್ತಾರೆ. ಊದಿದ ಕಿಡ್ನಿ ಕಂಡರೆ ತೆಗೆಯುವುದು ರೂಢಿಯಾಯಿತು. ಕೆಟ್ಟದ್ದು ಕಿಡ್ನಿಯಲ್ಲ, ಅದರ ಬಾಯಿಯ ಹತ್ತಿರದ ಒಂದಿಷ್ಟು ನಾಳ. ಒಂದು ಕೀಲು ಕೆಟ್ಟಿದ್ದಕ್ಕೆ ಬಾಗಿಲನ್ನೇ ಕಿತ್ತುಹಾಕಿದ ಹಾಗಾಗುತ್ತಿತ್ತು.

ಕೀಲನ್ನು ರಿಪೇರಿ ಮಾಡೋಣ ಎಂದು ಮೊದಲು ಕೈಹಾಕಿದವನು ಫ್ರೀಡ್ರಿಷ್ ಟ್ರೆಂಡೆಲೆನ್‌ಬರ್ಗ್, 1886ರಲ್ಲಿ. ಆ ರೋಗಿ ಉಳಿಯಲಿಲ್ಲ. ಐದು ವರ್ಷಗಳ ನಂತರ, 1891ರಲ್ಲಿ, ಜರ್ಮನಿಯವನೇ ಆದ ಅರ್ನ್ಸ್ಟ್ ಕ್ಯೂಸ್ಟರ್ ಗೆದ್ದ. ಅವನ ರೋಗಿ ಒಬ್ಬ ಹುಡುಗ. ಹುಡುಗನಿಗೆ ಇದ್ದದ್ದೇ ಒಂದು ಕಿಡ್ನಿ, ಅದಕ್ಕೇ ಈ ತಡೆ. ತೆಗೆಯುವ ಮಾತೇ ಇರಲಿಲ್ಲ. ಕ್ಯೂಸ್ಟರ್ ನಾಳವನ್ನು ಕೆಟ್ಟ ಜಾಗದಲ್ಲಿ ಪೂರ್ತಿ ಕತ್ತರಿಸಿ, ಸರಿಯಿದ್ದ ತುದಿಯನ್ನು ಸೀಳಿ ಅಗಲ ಮಾಡಿ, ಮತ್ತೆ ಬಟ್ಟಲಿಗೆ ಹೊಲಿದ. ಎರಡು ಕಿಡ್ನಿ ಇದ್ದವರಿಗೆ ಸಿಗದ ರಿಪೇರಿ ಮೊದಲು ಸಿಕ್ಕಿದ್ದು ಒಂದೇ ಇದ್ದವನಿಗೆ. ಇದನ್ನು ಓದಿದಾಗ ನನಗೆ ನಗು ಬಂತು, ಸಂಕಟವೂ ಆಯಿತು. ಇನ್ನೊಂದಿದೆ ಎನ್ನುವ ಧೈರ್ಯವೇ ಎಷ್ಟು ಕಿಡ್ನಿಗಳನ್ನು ಕಸದ ಬಕೆಟ್ಟಿಗೆ ಹಾಕಿಸಿತೋ.

ಈ ಬಗೆಯ ರಿಪೇರಿಗೆ ಪೈಲೋಪ್ಲಾಸ್ಟಿ ಎಂದು ಹೆಸರು. ಗ್ರೀಕಿನ ಪೈಲೋಸ್ ಅಂದರೆ ತೊಟ್ಟಿ, ನಮ್ಮ ಕಡೆಯ ಬಾನಿ. ಬಾನಿಯ ತೂತು ಸರಿಮಾಡುವ ಕೆಲಸ. ಆದರೆ ಕ್ಯೂಸ್ಟರ್ ದಾರಿಯಲ್ಲಿ ಹೋಗಲು ಬೇರೆಯವರು ಹೆದರಿದರು. ಕೊಳವೆಯನ್ನು ಪೂರ್ತಿ ಕತ್ತರಿಸಿ ಸುತ್ತಲೂ ಹೊಲಿದರೆ, ಆ ಹೊಲಿಗೆಯೇ ಮಾಯುವಾಗ ಬಳೆಯಂತೆ ಬಿಗಿದು ಹೊಸ ತಡೆಯಾಗುತ್ತದೆ ಎಂಬ ಭಯ. ಹಾಗಾಗಿ ಮುಂದಿನ ಐವತ್ತು ವರ್ಷ ಸರ್ಜನ್ನರು ಕೊಳವೆಯನ್ನು ತುಂಡರಿಸದೆ ಅಗಲ ಮಾಡುವ ಉಪಾಯಗಳನ್ನು ಹುಡುಕಿದರು. ಡೆನ್ಮಾರ್ಕಿನಿಂದ ಶಿಕಾಗೋಗೆ ವಲಸೆ ಹೋಗಿದ್ದ ಕ್ರಿಶ್ಚಿಯನ್ ಫೆಂಗರ್ 1890ರ ದಶಕದಲ್ಲಿ ಕಿರಿದಾದ ಜಾಗವನ್ನು ಉದ್ದಕ್ಕೆ ಸೀಳಿ ಅಡ್ಡಕ್ಕೆ ಹೊಲಿದ. ಅಮೆರಿಕದ ಫ್ರೆಡರಿಕ್ ಫೋಲಿ 1937ರಲ್ಲಿ ಇಂಗ್ಲಿಷಿನ 'ವೈ' ಆಕಾರದಲ್ಲಿ ಸೀಳಿ 'ವಿ' ಆಕಾರದಲ್ಲಿ ಹೊಲಿಯುವುದನ್ನು ತೋರಿಸಿದ. ಆಸ್ಪತ್ರೆಯಲ್ಲಿ ಮೂತ್ರಕ್ಕೆ ಹಾಕುವ ಬಲೂನಿನ ನಳಿಗೆಗೆ ಫೋಲಿ ಕ್ಯಾಥೆಟರ್ ಎನ್ನುತ್ತಾರಲ್ಲ, ಅದೇ ಫೋಲಿ. 1943ರಲ್ಲಿ ಡೇವಿಸ್ ಎಂಬಾತ ಕಿರಿದಾದ ಭಾಗವನ್ನು ಸೀಳಿ, ಒಳಗೊಂದು ನಳಿಗೆ ಇಟ್ಟು, ಹೊಲಿಯದೆ ಬಿಟ್ಟುಬಿಟ್ಟ. ಕೆಲವು ವಾರಗಳಲ್ಲಿ ನಾಳ ನಳಿಗೆಯ ಸುತ್ತ ತಾನೇ ಬೆಳೆದು ಕೂಡಿಕೊಳ್ಳುತ್ತಿತ್ತು.

ಇದೇ ಕಾಲದಲ್ಲಿ ಇನ್ನೊಂದು ಹುಟ್ಟುದೋಷವೂ ಸರ್ಜನ್ನರನ್ನು ದಾರಿ ತಪ್ಪಿಸಿತ್ತು, ಕುದುರೆಲಾಳದ ಆಕಾರದ ಕಿಡ್ನಿ. ಬಸಿರಿನಲ್ಲಿ ಕಿಡ್ನಿಗಳು ಹುಟ್ಟುವುದು ಕಿಬ್ಬೊಟ್ಟೆಯಲ್ಲಿ. ಆಮೇಲೆ ಮೇಲೇರಿ ತಮ್ಮ ಜಾಗಕ್ಕೆ ಬರುತ್ತವೆ. ಸುಮಾರು 400-500 ಜನರಲ್ಲಿ ಒಬ್ಬರಿಗೆ ಎರಡರ ಕೆಳತುದಿಗಳೂ ಕೂಡಿಕೊಂಡುಬಿಡುತ್ತವೆ. ಮೇಲೇರುವಾಗ ಆ ಸೇತುವೆ ಕರುಳಿಗೆ ಹೋಗುವ ಒಂದು ರಕ್ತನಾಳಕ್ಕೆ ಸಿಕ್ಕಿ ಅಲ್ಲೇ ನಿಲ್ಲುತ್ತದೆ. ಹೆಣ ಕೊಯ್ದು ನೋಡುತ್ತಿದ್ದ ಇಟಲಿಯ ಬೆರೆಂಗಾರಿಯೋ ದ ಕಾರ್ಪಿ 1522ರಷ್ಟು ಹಿಂದೆಯೇ ಇದನ್ನು ವರ್ಣಿಸಿದ್ದ. ಹಲವರು ಇಂಥ ಕಿಡ್ನಿ ಇಟ್ಟುಕೊಂಡೇ ಏನೂ ತಿಳಿಯದೆ ಬಾಳಿ ಹೋಗುತ್ತಾರೆ. ಕೆಲವರಲ್ಲಿ ಮಾತ್ರ ಮೂತ್ರ ಕಟ್ಟುತ್ತದೆ. ಹೊಟ್ಟೆ ತೆರೆದ ಸರ್ಜನ್ನರಿಗೆ ಎದುರಿಗೆ ಕಂಡದ್ದು ಸೇತುವೆ. ಅದರ ಮೇಲೆ ಹತ್ತಿ ಇಳಿಯುವ ನಾಳಗಳನ್ನೂ ಕಂಡರು. ಸೇತುವೆಯೇ ತಪ್ಪಿತಸ್ಥ ಎಂದುಕೊಂಡು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅದನ್ನು ಎರಡಾಗಿ ಕಡಿಯತೊಡಗಿದರು. ರಕ್ತ ಹೋಗುತ್ತಿತ್ತು, ಮೂತ್ರ ಸೋರುತ್ತಿತ್ತು, ಕಡಿದ ಕಿಡ್ನಿ ಮತ್ತೆ ಹಳೆಯ ಜಾಗದಲ್ಲೇ ಕೂರುತ್ತಿತ್ತು. ಹೆಚ್ಚಿನವರಲ್ಲಿ ಅಡಚಣೆ ಇದ್ದದ್ದು ಸೇತುವೆಯಲ್ಲಲ್ಲ, ಬಟ್ಟಲಿನ ಎತ್ತರದಲ್ಲಿ ತಪ್ಪು ಜಾಗಕ್ಕೆ ಕೂಡಿದ್ದ ನಾಳದ ಬಾಯಿಯಲ್ಲಿ. ಇವತ್ತು ಅಂಥವರಿಗೂ ಬಾಯಿಯನ್ನೇ ಸರಿಮಾಡುತ್ತಾರೆ, ಸೇತುವೆಯನ್ನು ಸಾಮಾನ್ಯವಾಗಿ ಅದರ ಪಾಡಿಗೆ ಬಿಡುತ್ತಾರೆ. ಕಣ್ಣಿಗೆ ದೊಡ್ಡದಾಗಿ ಕಂಡದ್ದರ ಮೇಲೆ ತಪ್ಪು ಹೊರಿಸುವುದು ಸರ್ಜನ್ನರ ಸ್ವಭಾವ ಮಾತ್ರವಲ್ಲ ಬಿಡಿ.

ನಮ್ಮ ಸರ್ಜನ್ ಹಾಳೆಯ ಮೂಲೆಯಲ್ಲಿ ಬರೆದಿದ್ದ ಎರಡು ಹೆಸರುಗಳ ಕತೆ ಬರುವುದು ಇಲ್ಲಿ. ಇಂಗ್ಲೆಂಡಿನ ಶೆಫೀಲ್ಡ್ ಚಾಕು ಕತ್ತರಿಗೆ ಹೆಸರಾದ ಊರು. ಅಲ್ಲಿ ಜೆ. ಸಿ. ಆಂಡರ್ಸನ್ ಎಂಬ ಸರ್ಜನ್, ವಿಲ್‌ಫ್ರೆಡ್ ಹೈನ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್ ಇದ್ದರು. ಅವರಿಗೆ ಬಂದ ರೋಗಿಯದು ಇನ್ನೂ ವಿಚಿತ್ರವಾದ ಹುಟ್ಟುದೋಷ. ಬಲಗಡೆಯ ಮೂತ್ರನಾಳ ದೇಹದ ಅತಿ ದೊಡ್ಡ ಅಭಿಧಮನಿಯ ಪಕ್ಕದಲ್ಲಿ ಇಳಿಯುವ ಬದಲು ಹಿಂದಿನಿಂದ ಸುತ್ತಿ ಬಂದಿತ್ತು. ಅಗಲ ಮಾಡಿ ಪ್ರಯೋಜನವಿಲ್ಲ, ಕತ್ತರಿಸದೆ ಬಿಡಿಸಲು ಬರುವುದಿಲ್ಲ. ಅವರು ಕತ್ತರಿಸಿದರು. ನಾಳವನ್ನು ರಕ್ತನಾಳದ ಮುಂದಕ್ಕೆ ತಂದರು. ಊದಿ ಜೋತುಬಿದ್ದಿದ್ದ ಬಟ್ಟಲಿನ ಹೆಚ್ಚಿನ ಭಾಗವನ್ನು ಕತ್ತರಿಸಿ ಒಪ್ಪ ಮಾಡಿದರು. ನಾಳದ ತುದಿಯನ್ನು ಉದ್ದಕ್ಕೆ ಸೀಳಿ, ಅಗಲವಾಗಿ ಬಿಡಿಸಿ, ಬಟ್ಟಲಿನ ಅತಿ ತಗ್ಗಿನ ಜಾಗಕ್ಕೆ ಓರೆಯಾಗಿ ಹೊಲಿದರು. ಹೊಲಿಗೆ ಬಳೆಯಾಗಲಿಲ್ಲ, ಆಲಿಕೆಯಾಯಿತು. ಐವತ್ತು ವರ್ಷದ ಹೆದರಿಕೆಗೆ ಉತ್ತರ ಅಷ್ಟು ಸರಳವಾಗಿತ್ತು. 1949ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಯುರಾಲಜಿಯಲ್ಲಿ ಇದನ್ನು ಪ್ರಕಟಿಸಿದರು. ಮುಂದೆ ಬಟ್ಟಲಿನ ಬಾಯಿಯ ಎಲ್ಲ ಬಗೆಯ ತಡೆಗೂ ಅದೇ ಕ್ರಮ ನಿಂತಿತು. ಅಡ್ಡ ಬಂದ ರಕ್ತನಾಳವಿದ್ದರೂ ಸರಿ, ನಾಳವನ್ನು ಕತ್ತರಿಸಿ ಅದರ ಮುಂದಕ್ಕೆ ತಂದು ಕೂಡಿಸಬಹುದು. ಇವತ್ತು ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಕಡೆ ಗೆಲ್ಲುತ್ತದೆ.

ಹೈನ್ಸ್ ಪ್ಲಾಸ್ಟಿಕ್ ಸರ್ಜನ್ ಎಂದು ಓದಿದಾಗ ಪುಣೆಯಲ್ಲಿ ಕೂತಿದ್ದ ನನಗೆ ಒಂದು ದೂರದ ನೆಂಟಸ್ತಿಕೆ ನೆನಪಾಯಿತು. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತಿನ ಬಂಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಅವನಿಗೆ ಹಣೆಯ ಚರ್ಮವನ್ನು ಬುಡ ಕಡಿಯದೆ ಕೆಳಕ್ಕೆ ತಿರುಗಿಸಿ ಹೊಸ ಮೂಗು ಕಟ್ಟಿದ್ದು ಪುಣೆಯ ದೇಸಿ ವೈದ್ಯ. 1794ರಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್ ಅದನ್ನು ಚಿತ್ರದ ಸಮೇತ ಅಚ್ಚು ಹಾಕಿತು. ಇಪ್ಪತ್ತು ವರ್ಷದ ನಂತರ ಜೋಸೆಫ್ ಕಾರ್ಪ್ಯೂ ಅಲ್ಲಿ ಅದೇ ಕ್ರಮದಲ್ಲಿ ಮೂಗು ಕಟ್ಟಿದ. ಯುರೋಪಿನಲ್ಲಿ ಪ್ಲಾಸ್ಟಿಕ್ ಸರ್ಜರಿ ಮತ್ತೆ ಚಿಗುರಿದ್ದು ಆಗ. ಪುಣೆಯ ಮೂಗಿನಿಂದ ಶೆಫೀಲ್ಡಿನ ಕಿಡ್ನಿಗೆ ನೇರ ಗೆರೆ ಎಳೆದರೆ ಅತಿಯಾಗುತ್ತದೆ. ಆದರೂ ಇರುವ ಅಂಗವನ್ನು ಎಸೆಯದೆ, ರಕ್ತ ಹರಿಯುವ ಅಂಚನ್ನು ಉಳಿಸಿಕೊಂಡು, ಕತ್ತರಿಸಿ ತಿರುಗಿಸಿ ಹೊಲಿಯುವ ಬುದ್ಧಿ ಎರಡರಲ್ಲೂ ಒಂದೇ.

ಈಗ ಅವ್ವನ ಪ್ರಶ್ನೆ. 1949ರಿಂದ 1984ಕ್ಕೆ ಮೂವತ್ತೈದು ವರ್ಷ. ಅವ್ವನ ಕಿಡ್ನಿ ತೆಗೆದಾಗ ಆಂಡರ್ಸನ್-ಹೈನ್ಸ್ ಆಪರೇಷನ್ ಪಠ್ಯಪುಸ್ತಕದಲ್ಲಿ ಹಳೆಯದಾಗಿತ್ತು. ಇದ್ದಿದ್ದಿಲ್ಲೇನು ಎಂದಳಲ್ಲ, ಇತ್ತು. ಅವಳು ಹುಟ್ಟುವ ಹದಿನಾರು ವರ್ಷ ಮೊದಲೇ ಇತ್ತು. ಅವಳನ್ನು ಆಪರೇಷನ್ ಮಾಡಿದ ಡಾಕ್ಟರು ತಪ್ಪು ಮಾಡಿದರೆಂದು ನನಗೆ ಅನ್ನಿಸುವುದಿಲ್ಲ. ಅವರ ಕೈಗೆ ಬರುವಷ್ಟರಲ್ಲಿ ಕಿಡ್ನಿ ಕಾಗದದಷ್ಟು ತೆಳ್ಳಗಾಗಿ ಕೀವು ತುಂಬಿತ್ತು. ಅದನ್ನು ಉಳಿಸಿದ್ದರೆ ಅವ್ವ ಉಳಿಯುತ್ತಿರಲಿಲ್ಲ. ರಿಪೇರಿ ಮಾಡಬಹುದಾಗಿದ್ದದ್ದು ಅವಳು ಹನ್ನೊಂದರ ಹುಡುಗಿಯಾಗಿ ಬಾರ್ಲಿ ನೀರು ಕುಡಿಯುತ್ತಿದ್ದಾಗ. ಆಗ ಬೇಕಿದ್ದದ್ದು ಕತ್ತಿಯಲ್ಲ, ಕಣ್ಣು.

ಕಣ್ಣಿನ ಚರಿತ್ರೆಯೂ ಜೊತೆಜೊತೆಗೇ ನಡೆದಿತ್ತು. 1895ರಲ್ಲಿ ರಾಂಟ್‌ಗೆನ್ ಎಕ್ಸ್‌ರೇ ಕಂಡುಹಿಡಿದರೂ ಅದರಲ್ಲಿ ಕಿಡ್ನಿಯ ಬಟ್ಟಲು ಕಾಣುತ್ತಿರಲಿಲ್ಲ. 1906ರಲ್ಲಿ ಫೋಲ್ಕರ್, ಲಿಖ್ಟೆನ್‌ಬರ್ಗ್ ಎಂಬ ಜರ್ಮನ್ನರು ಕೆಳಗಿನಿಂದ ನಳಿಗೆ ತೂರಿಸಿ ಬೆಳ್ಳಿಯ ದ್ರಾವಣ ತುಂಬಿ ಬಟ್ಟಲಿನ ಚಿತ್ರ ತೆಗೆದರು. ರೋಗಿಗೆ ಅದು ಯಾತನೆ, ಅಪಾಯ ಕೂಡ. 1929ರಲ್ಲಿ ಅಮೆರಿಕದಿಂದ ಜರ್ಮನಿಗೆ ಬಂದಿದ್ದ ಮೋಸೆಸ್ ಸ್ವಿಕ್ ಎಂಬ ಯುವಕ ತೋಳಿನ ರಕ್ತನಾಳಕ್ಕೆ ಚುಚ್ಚಿದರೆ ಕಿಡ್ನಿಯೇ ಸೋಸಿ ತನ್ನ ಚಿತ್ರವನ್ನು ತಾನೇ ತೋರಿಸುವ ಔಷಧವನ್ನು ಬಳಕೆಗೆ ತಂದ. ನಮ್ಮ ಊರುಗಳಲ್ಲಿ ಐವಿಪಿ ಎಂದು ಹಿರಿಯರಿಗೆ ನೆನಪಿರುವ ಪರೀಕ್ಷೆ ಅದರ ಮಗ. ಶೆಫೀಲ್ಡಿನ ಇಬ್ಬರು ತಮ್ಮ ಲೇಖನದ ಶೀರ್ಷಿಕೆಯಲ್ಲೇ, ಇದು ಆಪರೇಷನ್ನಿಗೆ ಮೊದಲೇ ಪತ್ತೆಯಾದ ಪ್ರಕರಣ ಎಂದು ಹೇಳಿಕೊಂಡಿದ್ದರು. ಹೊಟ್ಟೆ ತೆರೆದ ಮೇಲೆ ಕಂಡಿದ್ದರೆ ಅವರೂ ಏನು ಮಾಡುತ್ತಿದ್ದರೋ. ಅವ್ವನಿಗೆ ಆ ಪರೀಕ್ಷೆ ಆದದ್ದು ಹತ್ತೊಂಬತ್ತನೆಯ ವರ್ಷ, ಆಪರೇಷನ್ನಿನ ಮೂರು ದಿನ ಮೊದಲು. ಅದು ಇದ್ದ ಊರು ಹಳ್ಳಿಯಿಂದ ಒಂದು ದಿನದ ದಾರಿ. ವಾಯು ನೋವಿಗೆ ಯಾರು ಅಷ್ಟು ದೂರ ಹೋಗುತ್ತಾರೆ?

ಮಗಳ ಕಾಲಕ್ಕೆ ಕಣ್ಣು ಬಸಿರಿನೊಳಗೇ ಹೊಕ್ಕಿತ್ತು. 1958ರಲ್ಲಿ ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಹೊಟ್ಟೆಯೊಳಗಿನದನ್ನು ಶಬ್ದದ ಅಲೆಗಳಿಂದ ನೋಡಬಹುದೆಂದು ತೋರಿಸಿದ. 1970-80ರ ದಶಕಗಳಲ್ಲಿ ಹುಟ್ಟದ ಮಕ್ಕಳ ಊದಿದ ಕಿಡ್ನಿಗಳು ಪರದೆಯ ಮೇಲೆ ಕಾಣತೊಡಗಿದವು. ನಮ್ಮ ಸ್ಕ್ಯಾನಿಂಗ್ ಕೋಣೆಯಲ್ಲಿ ಇಲ್ಲಿ ಲಿಂಗಪತ್ತೆ ಮಾಡಲಾಗುವುದಿಲ್ಲ ಎಂಬ ಬೋರ್ಡು ಇತ್ತು. ಮಗು ಗಂಡೋ ಹೆಣ್ಣೋ ನಮಗೆ ಗೊತ್ತಾಗಲಿಲ್ಲ, ಗೊತ್ತಾಗಬಾರದು. ಆದರೆ ಅದರ ಎಡಗಡೆಯ ಕಿಡ್ನಿಯ ಬಟ್ಟಲು ಎಷ್ಟು ಮಿಲಿಮೀಟರ್ ಹಿಗ್ಗಿದೆ ಎಂದು ಗೊತ್ತಾಯಿತು. ಮನೆತನದಲ್ಲಿ ಯಾರಿಗಾದರೂ ಇತ್ತಾ ಎಂದು ಡಾಕ್ಟರು ಕೇಳಿದರು. ಅವ್ವನ ಸೀರೆಯ ಮಡಿಕೆಯಲ್ಲಿದ್ದ ಗುಟ್ಟು ಅವತ್ತು ನನ್ನ ಹೆಂಡತಿಗೆ ಗೊತ್ತಾಯಿತು. ಇದು ಮನೆತನದಲ್ಲಿ ಬರುವುದು ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನಲಾಗದು ಎಂದರು.

ಹೊಸ ಕಣ್ಣು ಬಂದಾಗ ಕತ್ತಿಗೆ ಹೊಸ ಆತುರವೂ ಬಂತು. 1981ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೈಕೆಲ್ ಹ್ಯಾರಿಸನ್ ಮತ್ತು ಸಂಗಡಿಗರು ಬಸಿರಿನ ಚೀಲ ತೆರೆದು, ಮೂತ್ರ ಪೂರ್ತಿ ಕಟ್ಟಿದ್ದ ಶಿಶುವಿಗೆ ದಾರಿ ಮಾಡಿಕೊಟ್ಟು ಮತ್ತೆ ಒಳಗಿಟ್ಟರು. ಮಗು ಹುಟ್ಟಿದ ಮೇಲೆ ಉಳಿಯಲಿಲ್ಲ. ಅದು ಎರಡೂ ಕಿಡ್ನಿಗೆ ಕುತ್ತಾಗುವ ಕೆಳಗಿನ ತಡೆ, ನಮ್ಮ ಮಗಳಂಥದ್ದಲ್ಲ. ಒಂದೇ ಬದಿ ಊದಿದ್ದ ಎಳೆಗೂಸುಗಳಿಗೂ ಹುಟ್ಟಿದ ಕೆಲವೇ ವಾರಗಳಲ್ಲಿ ಆಪರೇಷನ್ ಮಾಡುವುದು ಎಂಬತ್ತರ ದಶಕದಲ್ಲಿ ಹಲವು ಕಡೆ ರೂಢಿಯಾಯಿತು. ಕಂಡಿತಲ್ಲ, ಮಾಡಿಬಿಡೋಣ.

ಕೆಲವರು ಮಾತ್ರ ಕೈ ತಡೆದರು. ಲಂಡನ್ನಿನ ಫಿಲಿಪ್ ರ‍್ಯಾನ್ಸ್‌ಲಿ, ಅಮೆರಿಕದ ಸ್ಟೀಫನ್ ಕಾಫ್ ಮುಂತಾದವರು ಊದಿದ್ದರೂ ಚೆನ್ನಾಗಿ ಕೆಲಸ ಮಾಡುತ್ತಿದ್ದ ಕಿಡ್ನಿಗಳನ್ನು ಮುಟ್ಟದೆ, ಪದೇ ಪದೇ ಅಳೆಯುತ್ತ ಬಿಟ್ಟರು. 1990ರಲ್ಲಿ ರ‍್ಯಾನ್ಸ್‌ಲಿ ತಂಡ ಪ್ರಕಟಿಸಿದ ಲೆಕ್ಕದಲ್ಲಿ ಅಂಥ ನಾಲ್ಕು ಕಿಡ್ನಿಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ಮುಂದೆ ಆಪರೇಷನ್ ಬೇಕಾಯಿತು. ಉಳಿದವು ತಾವೇ ಸಂಭಾಳಿಸಿಕೊಂಡವು, ಎಷ್ಟೋ ಸರಿಯೂ ಆದವು. ಊದಿದ್ದೆಲ್ಲ ತಡೆಯಲ್ಲ ಎಂದು ಗೊತ್ತಾಯಿತು. ಮೂತ್ರ ಇಳಿಸುವ ಔಷಧ ಕೊಟ್ಟು ಕಿಡ್ನಿ ಎಷ್ಟು ಬೇಗ ಖಾಲಿಯಾಗುತ್ತದೆ, ಎಡ ಬಲಗಳಲ್ಲಿ ಯಾವುದು ಎಷ್ಟು ಪಾಲು ದುಡಿಯುತ್ತದೆ ಎಂದು ಅಳೆಯುವ ರಿನೋಗ್ರಾಂ ಪರೀಕ್ಷೆ ಆ ಹೊತ್ತಿಗೆ ಬಂದಿತ್ತು. ಅದಿಲ್ಲದಿದ್ದರೆ ಕಾಯುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ.

ಆದ್ದರಿಂದ ನಮಗೂ ಹೇಳಿದ್ದು ಅದೇ: ಕಾಯೋಣ. ಆರನೆಯ ವಾರದ ಪರೀಕ್ಷೆಯಲ್ಲಿ ಮಗಳ ಎಡ ಕಿಡ್ನಿ ನೂರಕ್ಕೆ ನಲವತ್ತಾರು ಪಾಲು ದುಡಿಯುತ್ತಿತ್ತು. ಚಿಂತೆಯಿಲ್ಲ, ಮೂರು ತಿಂಗಳು ಬಿಟ್ಟು ನೋಡೋಣ ಎಂದರು. ಮನೆಗೆ ಬಂದು ಹೇಳಿದೆ. ಅವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಅವಳು ನನ್ನ ಮೇಲೆ ಸಿಟ್ಟಾದದ್ದು ನಾನು ಕಂಡದ್ದೇ ಕಡಿಮೆ. "ಕಾಯೂದು ಅಂದ್ರ ಏನಂತ ನಿನಗ ಗೊತ್ತೈತೇನೋ? ನಂದೂ ಕಾಯ್ದು ಕಾಯ್ದs ಹೋತು" ಎಂದಳು.

ಅವತ್ತು ನನ್ನಲ್ಲಿ ಉತ್ತರವಿರಲಿಲ್ಲ. ಆ ಒಂಬತ್ತು ತಿಂಗಳು ಮನೆಯಲ್ಲಿ ನೆಮ್ಮದಿಯಿರಲಿಲ್ಲ. ಕೂಸು ಅತ್ತರೆ ಅವ್ವನ ಕೈ ಅದರ ಪಕ್ಕೆಗೆ ಹೋಗುತ್ತಿತ್ತು. ಪ್ರತಿ ಸ್ಕ್ಯಾನಿನ ಹಿಂದಿನ ರಾತ್ರಿ ಯಾರೂ ನಿದ್ದೆ ಮಾಡುತ್ತಿರಲಿಲ್ಲ. ಒಂಬತ್ತನೆಯ ತಿಂಗಳ ರಿನೋಗ್ರಾಂನಲ್ಲಿ ನಲವತ್ತಾರು ಇದ್ದದ್ದು ಮೂವತ್ನಾಲ್ಕಕ್ಕೆ ಇಳಿದಿತ್ತು. ಬಟ್ಟಲೂ ಹಿಗ್ಗಿತ್ತು. ಸರ್ಜನ್ ಕಾಗದ ನೋಡಿ, "ಇನ್ನು ಕಾಯುವುದು ಬೇಡ" ಎಂದರು. ಎರಡು ವಾರದಲ್ಲಿ ಆಪರೇಷನ್ ಆಯಿತು.

1993ರಿಂದ ಈ ಆಪರೇಷನ್ನನ್ನು ದುರ್ಬೀನಿನ ಮೂಲಕ, ಈಚೆಗೆ ರೋಬೋಟ್ ಕೈಗಳಿಂದಲೂ ಮಾಡುತ್ತಾರೆ. ಸಣ್ಣ ಕೂಸಾದ್ದರಿಂದ ನಮ್ಮ ಸರ್ಜನ್ ತೆರೆದೇ ಮಾಡಿದರು. ಒಳಗೆ ಮಾಡಿದ್ದು ಮಾತ್ರ ಹೇಗೆ ಮಾಡಿದರೂ ಒಂದೇ, ಶೆಫೀಲ್ಡಿನ ಆ ಹೊಲಿಗೆ. ಕೂಡಿಸಿದ ಜಾಗ ಮಾಯುವವರೆಗೆ ಒಳಗೊಂದು ಡಿಜೆ ಸ್ಟೆಂಟ್ ಇಟ್ಟರು. ಎರಡು ತುದಿಗೂ ಬಾಲ ಸುರುಳಿಯಾದ ತೆಳು ನಳಿಗೆ. ಆರು ವಾರಕ್ಕೆ ತೆಗೆದರು. ಮುಂದಿನ ಪರೀಕ್ಷೆಯಲ್ಲಿ ಪಾಲು ಮೂವತ್ತೆಂಟು. ಕಳೆದದ್ದೆಲ್ಲ ವಾಪಸು ಬರಲಿಲ್ಲ, ಇಳಿಯುವುದು ನಿಂತಿತು. ಇಷ್ಟು ಸಾಕು ಎಂದರು.

ಅವ್ವನಿಗೆ ಸರಿಯಾದ ಉತ್ತರವನ್ನು ನಾನು ಹೇಳಿದ್ದು ಆಮೇಲೆ, ದೀಪಾವಳಿಗೆ ಊರಿಗೆ ಹೋದಾಗ. ಹೇಳಬೇಕೋ ಬೇಡವೋ ಎಂದು ಬಹಳ ದಿನ ಒದ್ದಾಡಿದ್ದೆ. ಇರಲಿಲ್ಲ ಎನ್ನುವ ಸುಳ್ಳಿನಲ್ಲಿ ಒಂದು ಸಮಾಧಾನವಿತ್ತು. ಇತ್ತು, ಆದರೆ ನಿನ್ನವರೆಗೆ ಬರಲಿಲ್ಲ ಎನ್ನುವುದರಲ್ಲಿ ಏನಿದೆ? ಆದರೂ ಹೇಳಿದೆ. ಶೆಫೀಲ್ಡಿನ ಇಬ್ಬರನ್ನೂ, ಒಂದೇ ಕಿಡ್ನಿಯ ಹುಡುಗನನ್ನೂ ಹೇಳಿದೆ. ನೀನು ಕಾಯ್ದದ್ದು ನೋಡದೆ ಕಾಯ್ದದ್ದು, ನಾವು ಕಾಯ್ದದ್ದು ನೋಡುತ್ತ ಕಾಯ್ದದ್ದು, ಅಷ್ಟೇ ವ್ಯತ್ಯಾಸ ಎಂದೆ.

ಅವಳು ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಇತ್ತು ಅನ್ನು" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ನಮ್ಮವ್ವಗ ಇದನ್ನ ಹೇಳಬ್ಯಾಡ. ಬಾರ್ಲಿ ನೀರು ಕುಡಿಸಿದ್ದು ಆಕಿ" ಎಂದಳು.

ಅಜ್ಜಿಗೆ ಈಗ ಎಂಬತ್ತೆಂಟು. ಪಡಸಾಲೆಯಲ್ಲಿ ಮರಿಮೊಮ್ಮಗಳನ್ನು ಕೂರಿಸಿಕೊಂಡು, ಅಂಗಿ ಎತ್ತಿ, ಪಕ್ಕೆಯ ಮೇಲಿನ ಮೂರು ಬೆರಳಗಲದ ಗೆರೆಯನ್ನು ಸವರುತ್ತ ಕೂತಿದ್ದಳು. ಹೇಳಲಿಲ್ಲ.